ಚುಕ್ಕಿಗೆರೆ

ನೌಕರಿಗೆ ಸೇರಿದ ಮೊದಲ ವರ್ಷ ಎಳೆದ ನಕಾಶೆ ಇದು.
ಹಸಿರು ಮಸಿ ಸರ್ಪಶಿಲೆಗೆ, ಗುಲಾಬಿ ಕಣಶಿಲೆಗೆ,
ಮ್ಯಾಗ್ನಸೈಟಿಗೆ ಮಸಿಯೇ ಇಲ್ಲ, ಕಾಗದದ ಬಿಳುಪೇ ಸಾಕು.
ಕ್ರೋಮೈಟಿಗೆ ಮಾತ್ರ ಕರಿ, ಕೂದಲೆಳೆಯ ನಿಬ್ಬಿನಲ್ಲಿ,
ಉಸಿರು ಬಿಗಿಹಿಡಿದು.
ಕಂಡದ್ದಕ್ಕೆ ತುಂಬುಗೆರೆ.
ಕಾಣದೆಯೂ ಇರಬಹುದಾದದ್ದಕ್ಕೆ ಚುಕ್ಕಿಗೆರೆ.
ಮೂವತ್ತೆರಡು ವರ್ಷ ಇಲಾಖೆಯಲ್ಲಿ ಕೂತು
ನಾನು ಇಟ್ಟದ್ದು ಹೆಚ್ಚು ಚುಕ್ಕಿಯೇ.

ಕಡಕೊಳ ದಾಟಿ, ಮಣ್ಣುಹಾದಿಯ ತುದಿಗೆ ಇಳಿಸಿ
ಆಟೋದ ಹುಡುಗ ಕೇಳಿದ: ‘ಇಲ್ಲೇನದ ಸಾ?’
ಏನಿದೆಯೆಂದು ಬರೆದವನೇ ನಾನು,
ಅಂಗುಲಕ್ಕೆ ಐವತ್ತು ಅಡಿಯಂತೆ.
ಬಂದು ನೋಡಿರಲಿಲ್ಲ, ಅಷ್ಟೆ.

ಬಿಳಿಗಲ್ಲ ತಿಟ್ಟು.
ಎಂಟು ಗುಂಡಿ, ಮೂರು ಅಗಳು, ಒಂದು ಇಳಿಜಾರು ಸುರಂಗ.
ಎರಡನೆಯ ಗುಂಡಿಯ ತುಂಬ ಲಂಟಾನ. ಐದನೆಯದರಲ್ಲಿ ನೀರು,
ಎಮ್ಮೆಯೊಂದು ಕಣ್ಣು ಮೂಗು ಮಾತ್ರ ಬಿಟ್ಟು ಮುಳುಗಿದೆ.
ಕೊರೆದು ತೆಗೆದ ಕಲ್ಲುಕಡ್ಡಿ ಜೋಡಿಸುತ್ತಿದ್ದ ಮರದ ಪೆಟ್ಟಿಗೆಯಲ್ಲಿ
ಕೋಳಿ ಕಾವಿಗೆ ಕೂತಿದೆ.
ಅಂಚಿನ ಮೇಲೆ ಇನ್ನೂ ಓದಬಹುದು:
‘ರಂಧ್ರ ೪, ಅಡಿ ೬೦ರಿಂದ ೭೫’.

ಕಡತದ ಚರಿತ್ರೆ ಚಿಕ್ಕದು.
ದೊರೆಯೊಬ್ಬ ಮೊದಲು ಕೆದಕಿದ, ಯುದ್ಧದ ಬೆಲೆ ಇದ್ದಾಗ.
ಯುದ್ಧ ನಿಂತಿತು, ಬೆಲೆ ಬಿತ್ತು, ಹಗ್ಗ ಬಕೆಟ್ಟು ಬಿಟ್ಟು ಹೋದ.
ಆಮೇಲೆ ಕಂಪನಿ. ಆಮೇಲೆ ನಾವು.
ಅದಿರು ತೊಡೆಯಷ್ಟಿತ್ತು, ಮೊಳಕೈಯಷ್ಟಾಯಿತು,
ಮಣಿಕಟ್ಟು, ಕಿರುಬೆರಳು,
ಆಮೇಲೆ ಬರೀ ಹಸಿರು ಕಲ್ಲು, ಹಾವಿನ ಪೊರೆಯ ನುಣುಪು.
‘ಲಾಭದಾಯಕವಲ್ಲ’ ಎಂದು ಷರಾ. ಕೆಳಗೆ ಮೂರು ರುಜು.

ಕೋಳಿಯ ಒಡತಿ ಕೆಂಪಸಣ್ಣಮ್ಮ
ನನ್ನ ಹಾಳೆಯನ್ನು ತಲೆಕೆಳಗಾಗಿ ಹಿಡಿದಳು,
ಸರಿಯಾಗಿ ಓದಿದಳು.
ಏನೂ ಬರೆಯದ ಬಿಳುಪಿನ ಮೇಲೆ ಬೆರಳಿಟ್ಟು:
‘ಇಲ್ಲಿ ಕುಂತಿದ್ದಿ ನಾನು. ಕಲ್ಲ ನಾಲ್ಗಗ ಒತ್ತದು.
ಅಂಟ್ಕಂಡ್ರ ಬುಟ್ಟಿಗ, ಅಂಟ್ದಿದ್ರ ಎಸ್ಯದು.
ದಿನಕ್ಕ ಒಂದೂಕಾಲು ರೂಪಾಯಿ.
ಸಂಜಗ ಮನಲಿ ಸಾರು ಉಪ್ಪಗದೋ ಸಪ್ಪಗದೋ
ತಿಳೀತಿರ್ನಿಲ್ಲ.’

ಪ್ರಯೋಗಶಾಲೆಯ ವರದಿ ಶೇಕಡಾ ನಲವತ್ತಾರು ಎಂದಿತ್ತು.
ಮೊದಲು ಅದನ್ನು ಆರಿಸಿದ ನಾಲಿಗೆ ಯಾವುದೆಂದು
ಕಾಲಂ ಇರಲಿಲ್ಲ.

ಸುರಂಗದ ಬಾಯಿಗೆ ಮುಳ್ಳು ಅಡ್ಡ ಇಟ್ಟಿದ್ದಾರೆ.
ನಕಾಶೆಯಲ್ಲಿ ಅದು ನಲವತ್ತಡಿ ತುಂಬುಗೆರೆ, ಆಮೇಲೆ ಚುಕ್ಕಿ,
ಪಕ್ಕದಲ್ಲಿ ನನ್ನದೇ ಅಕ್ಷರ, ಮುದ್ದಾಗಿ:
‘ಇಲ್ಲಿಂದ ಮುಂದೆ ಪ್ರವೇಶವಿಲ್ಲ.’
ಹೆಡ್ ಗುಮಾಸ್ತರು ಹೇಳಿದ್ದರು, ಬರೆದಿದ್ದೆ.
ಆ ‘ಶ’ದ ಬಳುಕನ್ನು ಹೊಗಳಿದ್ದರು ಕೂಡ.

ಚುಕ್ಕಿಗಳ ಮೇಲೆ ಬೆರಳು ಎಳೆಯುತ್ತ ಹೋಗಿ
ಒಂದು ಕಡೆ ನಿಲ್ಲಿಸಿದಳು ಕೆಂಪಸಣ್ಣಮ್ಮ.
‘ದಾಸಬೋವಿ ಅಲ್ಲೇ ಅವ್ನ.
ಆನಿಕೆ ಮರ ಮುರ್ದದ್ದು ಸ್ವಾಮಾರ. ಗುರುವಾರ ಗಂಟ ಅಗುದ್ರು.’

ಎಮ್ಮೆ ನೀರಿನಲ್ಲಿ ಮಗ್ಗುಲು ಬದಲಿಸಿತು.
ನಾನು ಏನಾದರೂ ಅನ್ನಬೇಕಿತ್ತು.

ಅವಳ ಹಿತ್ತಿಲ ಒರಳಿನಲ್ಲಿ ಬಿಳಿಗಲ್ಲ ಪುಡಿ.
ಬಾಗಿಲಲ್ಲಿ ಒಂಬತ್ತರಿಂದ ಐದಕ್ಕೆ ಇಟ್ಟ ಚುಕ್ಕಿ,
ಬೆಳಗ್ಗೆಯೇ ಗೆರೆ ಸೇರಿಸಿ ಮುಗಿಸಿದ್ದು,
ಒಂದು ಮೂಲೆಯನ್ನು ಕೋಳಿ ಕೆದರಿತ್ತು.
‘ಸುಮ್ಗ ಚುಕ್ಕಿ ಇಟ್ಬುಟ್ಟು ಎದ್ದೋಗ್ಬಾರ್ದು ಬುದ್ದಿ’ ಅಂದಳು.
ರಂಗೋಲಿಯ ಮಾತೇ ಇರಬೇಕು.

ಹೊರಡುವಾಗ ಒಂದು ಚೂರು ಕೊಟ್ಟಳು,
ಹೂಕೋಸಿನಂತೆ ಗಂಟುಗಂಟು, ಹಗುರ.
ಬಸ್ಸು ಬರುವವರೆಗೆ ಅಂಗೈಯಲ್ಲಿತ್ತು.
ಸೀಟು ಸಿಕ್ಕಮೇಲೆ, ಯಾರೂ ನೋಡುತ್ತಿಲ್ಲವೆಂದು ನೋಡಿ,
ನಾಲಿಗೆಗೆ ಒತ್ತಿದೆ.
ಅಂಟಿತು.
ಕಂಡಕ್ಟರ್ ಬಂದು ‘ಎಲ್ಲಿಗೆ?’ ಎಂದ.
ಹೇಳಲಾಗಲಿಲ್ಲ.