ಬೆವರು ಆರುವವರೆಗೆ

ಬ್ಯಾಂಕಿನ ಶಾಖೆ ಮುಚ್ಚಿದ ದಿನ
ಕುರ್ಚಿ ಎರಡರ ಜೊತೆ ಅಪ್ಪ ಪುಕ್ಕಟೆ ಹೊತ್ತು ತಂದ ಡಬ್ಬಿ.
ಬೆನ್ನಿಗೆ ಇನ್ನೂ ಅಂಟಿದೆ ಚೀಟಿ: ಕೌಂಟರ್ ನಾಲ್ಕು.
ಹನ್ನೊಂದು ವರ್ಷ ಯಾರ ಯಾರದೋ ಸಾಲ ಕೂಡಿ ಕಳೆದು
ಎದೆತುಂಬ ಧೂಳು.
ಗುಂಡಿ ಒತ್ತಿದರೆ ಮೊದಲು ಕೆಮ್ಮು, ಆಮೇಲೆ ಬೆಳಕು;
ಅಷ್ಟರಲ್ಲಿ ತಮ್ಮ ತುಗುಲ್ದುರ್
ಒಲೆಗೆ ಕಲ್ಲಿದ್ದಲ ಉಂಡೆ ಹಾಕಿ ಕೈ ಒರೆಸಿ ಬಂದಿರುತ್ತಾನೆ.

ನನಗೆ ಬೇಕಾದದ್ದು ಆಟ.
ಗೆಳತಿಯರ ತಂಡದಲ್ಲಿ ಐದನೆಯವಳು ನಾನು,
ಹೆಸರಿಗೆ.
ನನ್ನ ಪರದೆಯಲ್ಲಿ ಶತ್ರು
ಬಂದು, ಕೊಂದು, ಹೋದಮೇಲೆ
ಅವನ ಚಿತ್ರ ಮೂಡುತ್ತದೆ.

ಬೇಸಿಗೆಯಿಡೀ ಕಾರು ತೊಳೆದೆ.
ಬಿಸ್ಕತ್ತಿನ ತಗಡಿನಲ್ಲಿ ಎರಡು ಲಕ್ಷ ಮೂವತ್ತು ಸಾವಿರ ತುಗ್ರಿಕ್.
ಹೇಳಿಕೊಳ್ಳಲು ಲಕ್ಷ;
ದೊಡ್ಡಂಗಡಿಯ ಗಾಜಿನೊಳಗಿನ ಹೊಸ ಕಾರ್ಡಿನೆದುರು
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಾಗಾಗಿ ಉಲಾನ್‌ಬಾತರಿನ ಸಂತೆ, ಅದರ ಹಿಂಬದಿ,
ಕಬ್ಬಿಣದ ಕಂಟೇನರಿನೊಳಗೆ ಪುರೆವ್.
ಮೈಮೇಲೆ ಮೂರು ಕೋಟು, ಬೆರಳು ಮಾತ್ರ ಬೆತ್ತಲೆ.
‘ನಾಣ್ಯ ಅಗೆಯುವ ಕೋಣೆಯಲ್ಲಿ ಬೆಂದ ಕಾರ್ಡಲ್ಲ ತಾನೆ?’
‘ಅಯ್ಯೋ ಇಲ್ಲ ತಂಗಿ, ಮದುವೆ ವಿಡಿಯೋದವನದು.’
ಮಾರುವವರ ಬಳಿ ಇರುವುದೆಲ್ಲ
ಮದುವೆ ವಿಡಿಯೋದವರದೇ.
ಮೂಸಿದೆ. ಸುಟ್ಟ ನಾತವಿಲ್ಲ.
ಉಗುರಿನಿಂದ ಫ್ಯಾನು ಮೀಟಿದೆ; ತಿರುಗಿತು, ಗೊಣಗಲಿಲ್ಲ.
ಬೇರೆ ತಂತಿ ಬೇಡದ ಬಡ ಕಾರ್ಡು,
ಹಲಗೆ ಹನಿಸಿದಷ್ಟು ಕರೆಂಟು ಕುಡಿದು ಬದುಕುವ ಜಾತಿ.
ಒಂದು ಲಕ್ಷ ಎಂಬತ್ತು ಸಾವಿರ.
ಉಳಿದದ್ದಕ್ಕೆ ಎಂಟು ಜಿಬಿ ರ‍್ಯಾಮ್.
ಬಸ್ಸಿಗೆಂದು ಎತ್ತಿಡುವುದು ಮರೆತೇ ಹೋಯಿತು.

ಕೋಟಿನೊಳಗೆ ತೂರಿಸಹೋದೆ. ಪುರೆವ್ ಗದರಿದ:
‘ಕುರಿಮರಿಯಲ್ಲ ಅದು, ಚೀಲದಲ್ಲೇ ಇರಲಿ.’
ಸೊನ್ನೆಗೆ ಮೂವತ್ತೊಂದು ಡಿಗ್ರಿ ಕೆಳಗೆ,
ಹೊಗೆಯೊಳಗೆ, ಏರಿನ ದಾರಿಯಲ್ಲಿ,
ಒಂದೂವರೆ ಗಂಟೆ
ನಾನೂ ಕಾರ್ಡೂ ಮರಗಟ್ಟುತ್ತ ನಡೆದೆವು.

ಗೆರ್‌ನ ಬಾಗಿಲು ತೆರೆದವಳೇ ಡಬ್ಬಿ ಬಿಚ್ಚಲು ಕೂತೆ.
ಅಪ್ಪ ಮಾತಾಡಲಿಲ್ಲ.
ಹೊರಗೆ ಹೋಗಿ, ಸ್ವಲ್ಪ ನಿಂತು, ಒಳಬಂದು
ಮಂಜುಗಟ್ಟಿದ ತನ್ನ ಕನ್ನಡಕ ನನ್ನ ಮೂಗಿನ ಮೇಲಿಟ್ಟ.
ಏನೂ ಕಾಣಲಿಲ್ಲ. ಅರ್ಥವಾಯಿತು.
ಬಟ್ಟೆ ಹಾಸಿ ಮಲಗಿಸಿದ ಕಾರ್ಡು
ಮೈಯೆಲ್ಲ ಬೆವರುತ್ತಿತ್ತು, ಜ್ವರ ಬಿಟ್ಟ ಮಗುವಿನಂತೆ.
ಆರಬೇಕು. ಆರುವವರೆಗೆ ಕಾಯಬೇಕು.
ಕಾಯುವುದರಲ್ಲಿ ಅಪ್ಪ ಪಳಗಿದವನು:
ಕಲ್ಲಿದ್ದಲ ಲಾರಿ, ಗಡಿಯ ಗೇಟು,
ಒಮ್ಮೆ ಒಂಬತ್ತು ದಿನ, ಸ್ಟಿಯರಿಂಗಿನ ಹಿಂದೆಯೇ ಊಟ, ನಿದ್ದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಮ್ಮ ಡಬ್ಬಿ ಗಿಡ್ಡ;
ಕಾರ್ಡಿನ ತಗಡು ಎರಡು ಬೆರಳು ಉದ್ದ.
ಅಪ್ಪ ಅದನ್ನು ಬಿಚ್ಚಿಕೊಂಡು
ಒಲೆಯ ಕೊಳವೆ ಕೊಯ್ದ ಗರಗಸದಲ್ಲೇ
ಕಾಲನ್ನೇ ಕತ್ತರಿಸಿದ.
ತುಗುಲ್ದುರ್ ಬ್ರಶ್ಶಿನಲ್ಲಿ ಬ್ಯಾಂಕಿನ ಧೂಳು ಕೆರೆದ;
ಒಂದು ಸ್ಟೇಪಲ್ ಪಿನ್ನೂ ಸಿಕ್ಕಿತು.

ರಾತ್ರಿ ಒಂಬತ್ತೂವರೆ. ಒತ್ತಿದೆ.
ಕತ್ತಲೆ.
ಕತ್ತಲೆ.
ತುಗುಲ್ದುರ್ ಎಂದ: ‘ಪರದೆಯ ತಂತಿ ಹಳೆಯ ತೂತಿನಲ್ಲೇ ಇದೆ.’
ತಲೆಗೊಂದು ಮೊಟಕಿ, ತಂತಿ ಬದಲಿಸಿ,
ಎಲೆ ಎಲೆಯೂ ಬೇರೆಯಾಗಿ ಅಲುಗುವ ಕಾಡಿನಲ್ಲಿ
ಶತ್ರು ಬರುವುದನ್ನು
ಬರುವ ಮೊದಲೇ ಕಂಡೆ.

ನಡುರಾತ್ರಿ ಎಚ್ಚರವಾದರೆ ಮೂಲೆಯಲ್ಲಿ ನೀಲಿ ಬೆಳಕು.
ಬಾಣದ ಗುಂಡಿಗಳ ಮೇಲೆ ಅಪ್ಪನ ದಪ್ಪ ಬೆರಳು.
ಲಾರಿ ಓಡಿಸುತ್ತಿದ್ದಾನೆ.
ಹಗಲೆಲ್ಲ ಓಡಿಸುವವನು ಇರುಳೂ ಅದನ್ನೇ!
ಗಾಜಿನ ಮೇಲೆ ಸಣ್ಣ ಮಳೆ, ಎರಡೂ ಬದಿ ಹಸಿರು.
ಯಾರೂ ಇಲ್ಲದ ವೃತ್ತದಲ್ಲಿ ಕೆಂಪು ದೀಪಕ್ಕೆ ನಿಂತು
ಹಸಿರಾದ ಮೇಲೆ ಹೊರಟ.
‘ಮಲಗಪ್ಪ.’
‘ತಾಳು, ಇಲ್ಲಿ ನೋಡು,’ ಅಂದ ಮೆಲ್ಲಗೆ,
‘ಇಲ್ಲಿ ಗಡಿಯಲ್ಲಿ ಸಾಲೇ ಇಲ್ಲ.’

ಗುರುವಾರ ಅವನ ರಜೆ ಮುಗಿಯುತ್ತದೆ.
ಅಲ್ಲಿಯವರೆಗೆ ನಮ್ಮ ತಂಡದಲ್ಲಿ
ನಾಲ್ವರೇ.