ದಿನಕ್ಕೊಂದು ಗೇಣು

ಸೀಗೆಹಟ್ಟಿಯ ನಮ್ಮ ಬಾಡಿಗೆ ಮನೆಗೆ
ಹೊಸ ಮೀಟರು ಹಾಕಲು ಬಂದ ಗುತ್ಯಪ್ಪ
ಡಬ್ಬಿಯ ಬಾಗಿಲು ತೆಗೆದವನೇ ಮುಚ್ಚಿದ.
"ಅಕ್ಕಾ, ಒಳಗೆ ಸಂಸಾರ ಇದೆ" ಅಂದ.

ಮಿಸ್ರಿ ಜೇನು.
ಎಳ್ಳಿಗಿಂತ ಚೂರು ದಪ್ಪ, ಮುಳ್ಳಿಲ್ಲದ ಹುಳ.
ವೈರು ಬರುವ ತೂತಿಗೆ ಮೇಣದ ಮೂತಿ ಕಟ್ಟಿಕೊಂಡು
ಎರಡು ವರ್ಷದಿಂದ ನಮ್ಮ ಯೂನಿಟ್ಟು ಎಣಿಸುತ್ತಿದ್ದವು.
ನಾವು ಬಿಲ್ಲು ಕಟ್ಟುತ್ತಿದ್ದೆವು.

ಹೊಗೆ ಹಾಕಿ, ಅಂದರು ಎದುರು ಮನೆಯವರು.
ಸ್ಪ್ರೇ ಹೊಡೀರಿ, ಅಂದ ಓನರಿನ ಮಗ.
ಗುತ್ಯಪ್ಪ ಪುಸ್ತಕದಲ್ಲಿ "ಬಾಗಿಲು ಹಾಕಿದೆ" ಎಂದು ಬರೆದುಕೊಂಡು ಹೋಗಿ
ಸಂಜೆ, ಡ್ಯೂಟಿ ಮುಗಿಸಿ, ಹಳೆಯದೊಂದು ಮಡಕೆ ತಂದ.
ಸೊರಬದ ಕಡೆಯವನು. ಅವರ ಊರಲ್ಲಿ
ಈ ಕೆಲಸಕ್ಕೆ ಕೈ ಬೇಕು, ಬಾಯಿ ಬೇಡವಂತೆ.
ಆದರೂ ಹೇಳುತ್ತ ಹೋದ:

ಮೊದಲು ಕಂಬದಲ್ಲಿ ಕರೆಂಟು ತೆಗಿ.
ಆಮೇಲೆ ಕತ್ತಲಾಗಲಿ, ಹೊರಗೆ ಹೋದವರೆಲ್ಲ ಮನೆ ಸೇರಲಿ.
ಮೊಬೈಲಿನ ಟಾರ್ಚಿಗೆ ಕೆಂಪು ಚಾಕಲೇಟಿನ ಕಾಗದ ಸುತ್ತು,
ಕೆಂಪು ಅವಕ್ಕೆ ಕಾಣುವುದಿಲ್ಲ.
ಮೊಟ್ಟೆಯ ಗೊಂಚಲು ತಲೆಕೆಳಗಾಗಬಾರದು.
ರಾಣಿಗೆ ಹೊಟ್ಟೆ ಭಾರ, ಹಾರಲಾರಳು; ಬೆರಳು ಹುಷಾರು.
ಜೇನಿನ ಗುಳ್ಳೆ ಒಡೆದರೆ ಇರುವೆಗೆ ಓಲೆ ಬರೆದ ಹಾಗೆ,
ಒಡೆದದ್ದನ್ನು ಅಲ್ಲೇ ನೆಕ್ಕಿಬಿಡು.
(ನೆಕ್ಕಿದೆ. ಹುಳಿ, ಆಮೇಲೆ ಸಿಹಿ, ಆಮೇಲೆ ಮತ್ತೆ ಹುಳಿ.)
ಕೊನೆಗೆ ಹಳೆ ಮೂತಿಯ ಮೇಣ ಕಿತ್ತು
ಮಡಕೆಯ ತೂತಿಗೆ ಮೆತ್ತು.
ಬಾಗಿಲ ವಾಸನೆ ಅದೇ ಇದ್ದರೆ
ಮನೆ ಬದಲಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ.

ನಮಗೂ ಹಾಗೆಯೇ. ಇದು ನಾಲ್ಕನೆಯ ಬಾಡಿಗೆ ಮನೆ,
ಅತ್ತೆ ಎಲ್ಲ ಕಡೆಗೂ ಅದೇ ಒಗ್ಗರಣೆ ಡಬ್ಬಿ
ಮಡಿಲಲ್ಲಿಟ್ಟುಕೊಂಡೇ ಆಟೋ ಹತ್ತಿದ್ದಾರೆ.

ಸ್ಟೂಲಿನ ಮೇಲೆ ಮಡಕೆ, ಸ್ಟೂಲಿನ ಕಾಲಿಗೆ ನಾಲ್ಕು ಗರಟೆ,
ಗರಟೆಯಲ್ಲಿ ನೀರು, ನೀರಿಗೊಂದು ಹನಿ ಹಳೆ ಎಂಜಿನ್ ಆಯಿಲ್.
"ಇನ್ನು ತುಳಸಿ, ತುಂಬೆ, ನಿಮ್ಮ ಕುಂಡಗಳ ಹತ್ತಿರ ಒಯ್ಯಿರಿ.
ಒಮ್ಮೆಗೇ ಅಲ್ಲ.
ರಾತ್ರಿಗೊಂದು ಗೇಣು."

ಅತ್ತೆ ಹೂವಮ್ಮ ಗೋಡೆಗುಂಟ ಬೆರಳು ಚಾಚಿ ಅಳೆದರು:
ಇಪ್ಪತ್ನಾಲ್ಕು.
"ಚೌಕಾಬಾರದ ದಾರಿ ಇದು!
ಕಾಯಿ ಮನೆ ಬಿಟ್ಟು ಹಣ್ಣಾಗಲಿಕ್ಕೆ ಇಷ್ಟೇ ಹೆಜ್ಜೆ."

ಅವತ್ತಿನಿಂದ ಊಟವಾದ ಮೇಲೆ
ಸೀಮೆಸುಣ್ಣದಲ್ಲಿ ಐದೈದಲ ಇಪ್ಪತ್ತೈದು ಮನೆ,
ಒಂದು ಮಗ್ಗುಲು ತೇಯ್ದ ಹುಣಸೆಬೀಜ,
ಬಳೆಚೂರು ನನಗೆ, ಕಾಫಿಬೀಜ ಅತ್ತೆಗೆ, ಮಾಲತೇಶನಿಗೆ ಹಳೆ ಫ್ಯೂಸು.
ಆಟ ಮುಗಿದರೆ ಸ್ಟೂಲು ಒಂದು ಗೇಣು.
ರಿಮೋಟಿನ ಸೆಲ್ಲು ಹೋಗಿತ್ತು, ಯಾರೂ ತರಲಿಲ್ಲ.

ಹನ್ನೊಂದನೆಯ ರಾತ್ರಿ ಮಾಲತೇಶನಿಗೆ ಬಾರ ಬಿತ್ತು.
ಎಂಟು!
ಖುಷಿಯಲ್ಲಿ, ಯಾರಿಗೂ ಹೇಳದೆ,
ಮಡಕೆಯನ್ನೂ ಎಂಟು ಗೇಣು ನಡೆಸಿಬಿಟ್ಟ.

ಬೆಳಿಗ್ಗೆ ನಲ್ಲಿಗೆ ಕೊಡ ಹಚ್ಚಲು ಹೊರಗೆ ಬಂದರೆ
ಬರಿ ಗಾಳಿಯಲ್ಲೊಂದು ಗುಂಪು.
ನಿನ್ನೆ ಬಾಗಿಲಿದ್ದ ಜಾಗಕ್ಕೆ ಹಾಯುತ್ತ, ಹಿಂಜರಿಯುತ್ತ,
ಹಿಂಗಾಲಿನ ಹಳದಿ ಗಂಟು ಇಳಿಸಲು ಜಾಗವಿಲ್ಲದೆ.
ಹುಡುಗ ನೋಡುತ್ತ ನಿಂತ. ಕೊಡ ತುಂಬಿ ಹರಿಯಿತು.
"ಕಾಯಿ ಕಡಿಸಿಕೊಂಡೆ" ಅಂದರು ಅತ್ತೆ. "ಹಿಂದಕ್ಕಿಡು."
ಅವನು ಅಳೆದು ಅಳೆದು ಇಟ್ಟ,
ಗರಟೆಯ ನೀರು ತುಳುಕದ ಹಾಗೆ.
ಸ್ಕೂಲಿಗೆ ತಡವಾಯಿತು. ಕಾರಣದ ಚೀಟಿಯಲ್ಲಿ
ನಾನು "ಹೊಟ್ಟೆನೋವು" ಎಂದು ಬರೆದೆ.

ಇಪ್ಪತ್ತೈದನೆಯ ರಾತ್ರಿ ತುಳಸಿಕುಂಡದ ಪಕ್ಕಕ್ಕೆ ಮುಟ್ಟಿತು.
ಹೊಸ ಮೀಟರಿನ ಕೆಂಪು ದೀಪ ಒಂದೇ ಸಮನೆ ಮಿಣುಕುತ್ತದೆ.
ಅವಕ್ಕೆ ಕಾಣುವುದಿಲ್ಲ.
ಹಳೆಯದಕ್ಕಿಂತ ಜೋರಾಗಿ ಓಡುತ್ತದೆಯೆಂದು ನನಗೆ ಗುಮಾನಿ;
ಗುತ್ಯಪ್ಪನನ್ನು ಕೇಳಿದರೆ ಮಡಕೆ ಹೇಗಿದೆ ಅನ್ನುತ್ತಾನೆ.

ಆಟ ಮಾತ್ರ ನಿಂತಿಲ್ಲ.
ಎದುರಾಳಿಯ ಒಂದು ಕಾಯಾದರೂ ಕಡಿಯದೆ
ಒಳಸುತ್ತಿಗೆ ಬಿಡುವುದಿಲ್ಲ, ಅದು ಕಾನೂನು.
ಅತ್ತೆಯ ಕಾಫಿಬೀಜ ಹೊರಸುತ್ತಿನಲ್ಲೇ ಸುತ್ತುತ್ತಿದೆ.
ಮೂರು ಬಿದ್ದರೆ ಮಾಲತೇಶನ ಫ್ಯೂಸು ಸಿಗುತ್ತದೆ,
ಮೂರೇ ಬೀಳುತ್ತದೆ,
"ಎರಡು" ಎಂದು ನಡೆಸುತ್ತಾರೆ.
ಕನ್ನಡಕ ಮೂಗಿನ ಮೇಲೇ ಇರುತ್ತದೆ.