ನೀಲಿ ಇಟ್ಟಿಗೆಗಳು

ಓಫಿನ್ ಹೊಳೆಯಿಂದೀಚೆ, ಕೆಂಪು ದಾರಿ ಮುಗಿಯುವಲ್ಲಿ
ತಗಡಿನ ಶೆಡ್ಡು. ಒಳಗೆ ಸಾಲು ಸಾಲು ತಟ್ಟೆ.
ತಟ್ಟೆಗಳಲ್ಲಿ ಮಲಗಿದೆ ಭೂಮಿ,
ಮಣಿಕಟ್ಟಿನಷ್ಟು ದಪ್ಪ, ಇನ್ನೂರು ಮೀಟರು ಉದ್ದ.
ಉದ್ದಕ್ಕೆ ಸೀಳುವವನು ಯಾವ್ ಬೋಚಿ:
ಅರ್ಧ ಪರೀಕ್ಷೆಗೆ, ಅರ್ಧ ಸಾಕ್ಷಿಗೆ.
ರೆಪ್ಪೆಯ ಮೇಲೆಲ್ಲ ಬೂದು ಹಿಟ್ಟು.
‘ಮೇಡಂ, ಇದರಲ್ಲಿ ಕಣ್ಣಿಗೇ ಕಾಣ್ತದೆ’ ಎಂದು
ತುಣುಕೊಂದನ್ನು ಬಿಸಿಲಿಗೆ ಹಿಡಿದ.
ಬಿಳಿಗಲ್ಲಿನ ಬಿರುಕಲ್ಲಿ
ಸಾಸಿವೆಗಿಂತ ಸಣ್ಣ ಹಳದಿ.

ಆ ಸಾಸಿವೆ ನನಗೆ ನಿದ್ದೆ ಕೊಡುವುದಿಲ್ಲ.
ಪ್ರಯೋಗಾಲಯದ ಹಾಳೆಯಲ್ಲಿ, ಟನ್ನಿಗೆ ಇಷ್ಟು ಗ್ರಾಮು ಎಂದು,
ಒಂದು, ಒಂದೂವರೆ, ಸೊನ್ನೆ ಚಿಲ್ಲರೆ, ಎರಡು,
ನಡುವೆ ಧುತ್ತೆಂದು ಇನ್ನೂರ ಹನ್ನೆರಡು!
ನಂಬಿಬಿಟ್ಟರೆ ಸುತ್ತಲಿನ ಕಾಡೆಲ್ಲ ಚಿನ್ನ.
ಅದರ ತಲೆ ಸವರಿದೆ, ಮೂವತ್ತಕ್ಕೆ ನಿಲ್ಲಿಸಿದೆ.
ಒಂದು ಮನೆಯ ಮದುವೆಯೂಟ ಉಂಡು
ಊರಿಗೂರೇ ಉಳ್ಳವರೆಂದು ಬರೆಯಬಾರದು.

ಅಜ್ಜಿ ಅಡುಟ್ವುಮ್ವಾ ಹೊಳೆಮರಳು ತೊಳೆಯುತ್ತಿದ್ದಳು.
ತೂಗುತ್ತಿದ್ದದ್ದು ಗುಲಗಂಜಿಯಲ್ಲಿ:
ಕೆಂಪು ಬೀಜ, ಮೂತಿಗಷ್ಟು ಮಸಿ.
ತನ್ನ ಕಪ್ಪು ತನಗೆ ಕಾಣದ ಬೀಜ
ಊರವರ ಹೊನ್ನಿಗೆ ನ್ಯಾಯ ಹೇಳುತ್ತಿತ್ತು.
ನನ್ನದು ಕಂಪ್ಯೂಟರು.
ಗುಡ್ಡವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೊಯ್ದು
ಒಂದೊಂದರ ಪರವಾಗಿಯೂ ನೆರೆಯ ತೂತುಗಳನ್ನು ಕೇಳುತ್ತೇನೆ:
ನೀನು ಕಂಡದ್ದೆಷ್ಟು? ಎಷ್ಟು ದೂರದಿಂದ ಹೇಳುತ್ತಿದ್ದೀ?
ಇಪ್ಪತ್ತೈದು ಮೀಟರಿಗೊಂದು ತೂತಿದ್ದಲ್ಲಿ ಕೆಂಪು: ಅಳೆದದ್ದು.
ಐವತ್ತಕ್ಕೊಂದಿದ್ದರೆ ಹಸಿರು: ಸುಳಿವು ಸಿಕ್ಕದ್ದು.
ಅದರಾಚೆ ನೀಲಿ. ಊಹೆ.
ಸುಳ್ಳೇನಲ್ಲ,
ಆಣೆ ಮಾಡೆಂದರೆ ನಾಲಿಗೆ ಏಳದ್ದು.

ಅಕ್ರಾದಿಂದ ಫೋನು. ವರದಿಗೆ ಮುಂಚೆ
ಪಡುವಣದ ಆ ನೀಲಿ ಒಂಚೂರು ಹಸಿರಾದೀತೇ?
ಎರಡು ತೂತುಗಳ ನಡುವೆ ನೂರಿಪ್ಪತ್ತು ಮೀಟರಿದೆ,
ಆ ಜಾಗದಲ್ಲಿ ನಾನು ಕಣ್ಣಾರೆ ಕಂಡದ್ದು
ಕೋಕೋ ಮರ ಮತ್ತು ಒಬ್ಬ ಮುದುಕ, ಎಂದೆ.
ಆ ತುದಿಯಲ್ಲಿ ಮೌನ. ಆಮೇಲೆ ನಗು.
ಆಮೇಲೆ, ‘ಯೋಚನೆ ಮಾಡಿ.’

ಮುದುಕ, ಒಪಾನಿನ್ ಅಸಿಯಾಮಾ,
ಸಸಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.
ನೂರೈವತ್ತು ಕಪ್ಪು ಚೀಲ, ಒಂದೊಂದರಲ್ಲೂ ನಾಲ್ಕಾರು ಎಲೆ.
‘ನೆಡಲೋ ಬೇಡವೋ? ನನ್ನ ಕಾಲ ಕೆಳಗೆ ಚಿನ್ನ ಇದೆಯಂತಲ್ಲ.’
ಊಹೆ, ಎಂದೆ.
‘ಕೋಕೋ ಕಾಯಿ ಬಿಡಲು ನಾಲ್ಕು ವರ್ಷ.
ಊಹೆ ಕಾಯಿ ಬಿಡಲು?’
ನಾನು ನೆಲ ನೋಡಿದೆ. ನೆಲದಲ್ಲಿ ಇರುವೆಗಳಿದ್ದವು.

ಅವನು ಎದ್ದು ಹಳೆಯ ಮರವೊಂದನ್ನು ತಟ್ಟಿದ.
‘ಅರವತ್ತು ಕಾಯಿ, ಎಣಿಸಿದ್ದೇನೆ. ಅಳಿಲಿಗೆ ಹತ್ತು,
ಕೊಳೆರೋಗಕ್ಕೆ ಇಪ್ಪತ್ತು, ಕಳ್ಳನಿಗೆ ಎರಡು.
ಹೆಂಡತಿಗೆ ಹೇಳುವುದು ಇಪ್ಪತ್ತೈದು.’
ಲೆಕ್ಕದಲ್ಲಿ ಮೂರು ಕಾಯಿ ಉಳಿಯಿತಲ್ಲ?
‘ಅದು ನನಗೆ ಗೊತ್ತಿಲ್ಲದ್ದಕ್ಕೆ’ ಎಂದ.

ರಾತ್ರಿ ಜನರೇಟರು ಗೊರಗುಡುತ್ತಿತ್ತು.
ಇಟ್ಟಿಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ,
ಕೆಳಗಿಂದ, ಪಕ್ಕದಿಂದ, ಅಕ್ರಾದ ಕಣ್ಣಿಂದಲೂ ಒಮ್ಮೆ.
ನೀಲಿ ನೀಲಿಯಾಗಿಯೇ ಇತ್ತು. ಹಾಗೇ ಬಿಟ್ಟು,
ಹೆಸರು ಬರೆದು, ಕಳಿಸಿದೆ.

ವಾರದ ಮೇಲೆ ಆ ದಾರಿಯಲ್ಲಿ ಹೋದಾಗ
ಚೀಲಗಳಲ್ಲಿ ನೂರು ಸಸಿ ಇನ್ನೂ ಕಾಯುತ್ತಿದ್ದವು.
ಐವತ್ತನ್ನು ನೆಟ್ಟಿದ್ದ,
ಹತ್ತು ಅಡಿಗೊಂದು ಗುಂಡಿ ತೋಡಿ.
ನಮ್ಮ ಯಾವ ತೂತುಗಳೂ
ಒಂದಕ್ಕೊಂದು ಇಷ್ಟು ಹತ್ತಿರ ಇರಲಿಲ್ಲ.